ಬಾತುಕೋಳಿ ಅಡಗಿಸಿಟ್ಟವಳಿಗೂ ಅಜ್ಜ ಕೊಟ್ಟರು

ನನ್ನ ಮಗಳು ಶೋಭಾ ನನ್ನ ಕೈಗೆ ಸಿಗದೆ ಹೋದಳು. ಮನೆಯಲ್ಲೇ ಇದ್ದಳು, ಆದರೂ ಸಿಗಲಿಲ್ಲ. ನಮ್ಮ ದೈವ ಕೊರಗಜ್ಜನನ್ನು ನಂಬಿದ ನಿಮಗೆ ಮುಚ್ಚಿಡದೆ ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು, ಬೀಡಿ ಕಟ್ಟಿ ಬದುಕಿದವಳು.

ನಮ್ಮ ಮನೆ ಲಾಯಿಲದಲ್ಲಿ. ಶೋಭಾ ಮನೆಯಲ್ಲೇ ಕುಳಿತು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಾಳೆ. ಸಂಜೆ ಕೆಲಸ ಮುಗಿಸಿ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಊರಿನವರನ್ನೆಲ್ಲ ಬೈಯುತ್ತಿದ್ದೆ, ಅವಳು ನಗುತ್ತಿದ್ದಳು. ಕಳೆದ ಮಳೆಗಾಲದಿಂದ ಅದು ನಿಂತಿತು. ಹೊಸ ಪಾಠ ಕಲಿಯದಿದ್ದರೆ ಕೆಲಸ ಉಳಿಯುವುದಿಲ್ಲವಂತೆ. ಸಂಜೆಯಾದರೆ ಕಿವಿಗೆ ಹೆಡ್‌ಫೋನ್. ಪುತ್ತಿಗೆಯ ನನ್ನ ತಂಗಿಯ ತಲೆಗೆ ಅವಳ ಮಗಳು ದಿನಾ ಎಣ್ಣೆ ಹಚ್ಚುತ್ತಾಳೆಂದು ಕೇಳಿ ನನಗೆ ಹೊಟ್ಟೆ ಉರಿಯಿತು.

ಅದಕ್ಕಿಂತ ಹೆಚ್ಚು ಉರಿದದ್ದು ಒಂದು ಬಾತುಕೋಳಿಯನ್ನು ಕಂಡು. ರಜೆಗೆ ಬಂದಿದ್ದ ಮೊಮ್ಮಗಳು ಬಿಟ್ಟುಹೋದ ಆಟದ ಸಾಮಾನು, ಹಳದಿ ಪ್ಲಾಸ್ಟಿಕ್. ಶೋಭಾ ಅದನ್ನು ಮೇಜಿನ ಮೇಲಿಟ್ಟು ಅದರ ಹತ್ತಿರ ಮಾತಾಡತೊಡಗಿದಳು.

"ಎಂಥದು ಮಾರಾಯ್ತಿ, ತಲೆ ಸರಿ ಉಂಟಾ?"

"ಪ್ರೋಗ್ರಾಂ ತಪ್ಪಿದರೆ ಯಾರಿಗಾದರೂ ಬಿಡಿಸಿ ಹೇಳ್ಬೇಕಮ್ಮ. ಹೇಳುವಾಗ ತಪ್ಪು ನಮಗೇ ಕಾಣ್ತದೆ. ನಮ್ಮ ಕೆಲಸದವರು ಹೀಗೇ ಮಾಡುವುದು."

ಹೆತ್ತವಳಿಗಿಲ್ಲದ ಮಾತು ಬಾತುಕೋಳಿಗೆ! ಅಂದೇ ಹರಕೆ ಹೇಳಿದೆ: "ಅಜ್ಜಾ, ಕಳೆದದ್ದನ್ನು ಹುಡುಕಿ ಕೊಡುವವರು ನೀವು. ನನ್ನ ಸಂಜೆ ಕಳೆದುಹೋಗಿದೆ. ಸಿಕ್ಕಿದರೆ ಚಕ್ಕುಲಿ, ವೀಳ್ಯದೆಲೆ ಇಡ್ತೇನೆ." ಅಜ್ಜ ಕೊಡುವವರೆಗೆ ಕಾಯಲಿಲ್ಲ. ಮರುದಿನವೇ ಬಾತುಕೋಳಿಯನ್ನು ಹೊಗೆಸೊಪ್ಪಿನ ಡಬ್ಬದಲ್ಲಿ ತುರುಕಿದೆ.

ಶೋಭಾ ಮನೆಯೆಲ್ಲ ಹುಡುಕಿದಳು. ಕೊನೆಗೆ ಕೈಮುಗಿದು, "ಅಜ್ಜಾ, ಬಾತುಕೋಳಿ ಸಿಕ್ಕಿದರೆ ಒಂದು ಕಟ್ಟು ಚಕ್ಕುಲಿ" ಎಂದಳು. ಒಬ್ಬರೇ ಅಜ್ಜನಿಗೆ ಎರಡು ಹರಕೆ, ಕಳ್ಳಿ ನಾನು.

"ಅಮ್ಮ, ನೀನೇ ಬಾ, ಕೂತ್ಕೋ. ನಾಳೆ ಹೊಸ ಪಾಠದ ಪರೀಕ್ಷೆ. ಈ ಪ್ರೋಗ್ರಾಂ ಸರಿ ಆಗುವುದೇ ಇಲ್ಲ."

"ನಾನು ಬಾತುಕೋಳಿಯಾ?"

"ಅದು ಬಾಯಿ ಮುಚ್ಚಿ ಕೇಳ್ತದೆ. ನಿನಗೆ ಅಷ್ಟು ಆಗ್ತದಾ ನೋಡುವ."

ಅವಳು ಹೇಳಿದಳು. ಒಂದು ಸಾಲಿನಲ್ಲಿ ಹೆಸರುಗಳಿವೆಯಂತೆ. ಬೇಡದ್ದನ್ನು ತೆಗೆದರೆ ಹಿಂದಿನವು ಮುಂದಕ್ಕೆ ಸರಿಯುತ್ತವಂತೆ. ಒಂದೊಂದೇ ನೋಡುತ್ತಾ ಹೋದರೂ ಬೇಡದ್ದು ಕೆಲವು ಉಳಿದುಬಿಡುತ್ತವಂತೆ.

ನಾನು ಬಾಯಿ ಮುಚ್ಚಲಿಲ್ಲ. "ಸಾಲಿನ ಎರಡನೇ ಬೀಡಿ ಹಾಳೆಂದು ತೆಗೆದರೆ ಮೂರನೆಯದ್ದು ಅದರ ಜಾಗಕ್ಕೆ ಬರ್ತದೆ. ನೀನು ಸೀದಾ ಮೂರನೇ ಜಾಗಕ್ಕೆ ಕೈ ಹಾಕಿದರೆ ಸರಿದು ಬಂದದ್ದನ್ನು ನೋಡುವುದು ಯಾರು, ನಿನ್ನ ಅಪ್ಪನಾ?"

ಶೋಭಾ ನನ್ನನ್ನು ನೋಡಿದಳು, ಕಂಪ್ಯೂಟರನ್ನು ನೋಡಿದಳು. "ಅಯ್ಯೋ ಅಮ್ಮ" ಎಂದಳು. ನಾಲ್ಕು ಸಲ ಕುಟ್ಟಿದಳು, ಸರಿಯಾಯಿತು.

ಎದ್ದು ಹೋಗಿ ಡಬ್ಬದಿಂದ ಬಾತುಕೋಳಿ ತಂದು ಅವಳೆದುರು ಇಟ್ಟೆ. "ನಾನೇ ಅಡಗಿಸಿದ್ದು. ಹೊಟ್ಟೆಕಿಚ್ಚು." ಬೈಯುತ್ತಾಳೆಂದುಕೊಂಡೆ. ಅವಳು ಅದನ್ನು ಮೂಸಿ, "ಇದಕ್ಕೂ ಬೀಡಿ ಕಲಿಸಿದಿಯಾ?" ಎಂದಳು.

ಪರೀಕ್ಷೆ ಪಾಸಾಯಿತು. ಈಗ ದಿನಾ ಸಂಜೆ ಅವಳ ಕೈ ನನ್ನ ಮೊಣಕಾಲಿನ ಮೇಲೆ, ಬಾಯಲ್ಲಿ ಕಂಪ್ಯೂಟರಿನ ಪಾಠ. ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಕೇಳುತ್ತೇನೆ.

ಮೊನ್ನೆ ಆದಿತ್ಯವಾರ ಬಸ್ಸಿನಲ್ಲಿ ಬಂಟ್ವಾಳದ ಕಡೆ ಹೋಗಿ, ಅಜ್ಜನ ಕಟ್ಟೆಯಲ್ಲಿ ಎರಡೂ ಹರಕೆ ಒಟ್ಟಿಗೆ ಸಲ್ಲಿಸಿದೆವು. ಹುಡುಕಿದವಳಿಗೂ ಕೊಟ್ಟರು, ಅಡಗಿಸಿಟ್ಟವಳಿಗೂ ಕೊಟ್ಟರು. ಅಜ್ಜನನ್ನು ನಂಬಿ. ಹರಕೆ ಹೇಳಿದ ಮೇಲೆ ಕೈ ಮಾತ್ರ ಸುಮ್ಮನಿರಲಿ.

ಬಾತುಕೋಳಿ ಇನ್ನೂ ಮೇಜಿನ ಮೇಲೆಯೇ ಇದೆ. ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದೇನೆ.