ಫೈನಲ್ಲೇ ಇಲ್ಲದ ಆಟ

ನನ್ನ ಗಂಡನಿಗೆ ಕ್ರಿಕೆಟ್ ಹುಚ್ಚು. ಅವರ ಪ್ರಕಾರ ಯಾವ ಆಟಕ್ಕೇ ಆಗಲಿ ಫೈನಲ್ ಇರಲೇಬೇಕು, ಮನೆ ಬಿಟ್ಟು ಹೋಗಿ ನೋಡುವುದಾದರೆ ಅದನ್ನೇ ನೋಡಬೇಕು. ತೊಂಬತ್ತರ ದಶಕದಲ್ಲಿ ನಾವು ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿದ್ದೆವು. ಒಬ್ಬಳೇ ಮಗಳು ದೂರದ ಕಾಲೇಜಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದಳು; ಫುಟ್‌ಬಾಲ್ ಪಂದ್ಯಗಳ ಬಿಡುವಿನಲ್ಲಿ ಮೈದಾನಕ್ಕಿಳಿದು ನುಡಿಸುವ ಬ್ಯಾಂಡು ಅದು. ಅವಳಿಗೆ ಅದು ಕೊನೆಯ ವರ್ಷ. ಕಾಲೇಜಿನ ಫುಟ್‌ಬಾಲ್ ತಂಡ ಆ ಸಲ ಒಂದು ಪಂದ್ಯವನ್ನೂ ಸೋತಿರಲಿಲ್ಲ. "ಒಂದ್ಸಲ ಬಾ ಅಪ್ಪ, ನಾನು ಮಾರ್ಚ್ ಮಾಡೋದು ನೋಡು" ಎಂದು ಫೋನಿನಲ್ಲಿ ಗೋಗರೆಯುತ್ತಿದ್ದಳು.

"ಫೈನಲ್‌ಗೇ ಬರ್ತೀನಿ ಬಿಡು ಪುಟ್ಟಿ" ಎನ್ನುತ್ತಿದ್ದರು ಇವರು.

ಹೊಸ ವರ್ಷದ ದೊಡ್ಡ ಪಂದ್ಯಕ್ಕೂ ಹೋಗಲಿಲ್ಲ. ಅದು ಸೆಮಿಫೈನಲ್ಲಂತೆ! ಯಾರನ್ನು ಕೇಳಿ ತೀರ್ಮಾನಿಸಿದರೋ ಆ ಭಗವಂತನೇ ಬಲ್ಲ. ಸೋಲದ ತಂಡ ಇನ್ನೊಂದಿದೆ, ಇಬ್ಬರೂ ಎದುರಾಗಲೇಬೇಕಲ್ಲ ಎಂಬುದು ಇವರ ವಾದ. ಆ ಪಂದ್ಯವನ್ನೂ ಮಗಳ ತಂಡವೇ ಗೆದ್ದಿತು. ಇವರು ಆಫೀಸಿಗೆ ರಜೆ ಹಾಕಿ ಕಾರಿಗೆ ಪೆಟ್ರೋಲ್ ತುಂಬಿಸಿದರು. ನಾನು ದಾರಿಗೆಂದು ಪುಳಿಯೋಗರೆ ಕಲಸಿದೆ. ಆಮೇಲೆ ಮಗಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಫೈನಲ್ ಎಲ್ಲಿ ಪುಟ್ಟಿ?"

"ಫೈನಲ್ ಇಲ್ಲ ಅಪ್ಪ. ಯಾರು ನಂಬರ್ ಒನ್ ಅಂತ ಪೇಪರ್‌ನವರು, ಕೋಚ್‌ಗಳು ವೋಟ್ ಮಾಡ್ತಾರೆ, ಅಷ್ಟೇ. ನಾವು ನಂಬರ್ ಟೂ."

"ಯಾರ ಹತ್ರ ಸೋತ್ರಿ?"

"ಯಾರ ಹತ್ರಾನೂ ಇಲ್ಲ."

"ಅಯ್ಯೋ ಶಿವನೇ! ಆಡಿಸದೇನೇ ಸೋಲಿಸಿಬಿಟ್ರಾ?" ಎಂದು ನಾನು ಕಿರುಚಿದೆ. ಚಂದ್ರನ ಮೇಲೆ ಕಾಲಿಟ್ಟ ದೇಶಕ್ಕೆ ಎರಡು ತಂಡಗಳನ್ನು ಒಂದು ಮೈದಾನಕ್ಕೆ ಕರೆಯಲು ಬರುವುದಿಲ್ಲವೇ? ಮಕ್ಕಳ ಹಾಡಿನ ಸ್ಪರ್ಧೆಯಲ್ಲೂ ಇಬ್ಬರನ್ನೂ ಹಾಡಿಸಿಯೇ ಬಹುಮಾನ ಕೊಡುತ್ತಾರೆ. ನನಗೆ ಮೈಯೆಲ್ಲ ಉರಿಯಿತು. ಇವರು ಮಾತ್ರ ಫೋನಿನ ಹತ್ತಿರಕ್ಕೆ ಬಗ್ಗಿ ಕೇಳಿದರು:

"ಹಾಗಾದ್ರೆ ನಿನ್ನನ್ನ ಯಾವಾಗ ನೋಡೋದು?"

"ಮುಗೀತಲ್ಲಪ್ಪ. ಬೆಳಿಗ್ಗೆ ಡ್ರಮ್ ರಿಟರ್ನ್ ಮಾಡ್ದೆ."

ಪುಳಿಯೋಗರೆಯನ್ನು ಅಡುಗೆಮನೆಯಲ್ಲೇ ಕೂತು ತಿಂದೆವು.

ಕೆಲವು ವರ್ಷಗಳ ಮೇಲೆ ಆ ಫುಟ್‌ಬಾಲ್ ನಡೆಸುವ ಮಹಾನುಭಾವರಿಗೆ ಬುದ್ಧಿ ಬಂತು. ಮೊದಲೆರಡು ತಂಡಗಳನ್ನು ಎದುರುಬದುರು ಆಡಿಸತೊಡಗಿದರು. ಮೊದಲ ಫೈನಲ್ ದಿನ ಇವರು ಟಿವಿ ಮುಂದೆ ಕೂತರು. ಆಟದ ತಲೆಬುಡ ಇವರಿಗೆ ಆಗಲೂ ಗೊತ್ತಿರಲಿಲ್ಲ. ಹಾಫ್‌ಟೈಮಿನಲ್ಲಿ ಬ್ಯಾಂಡು ಮೈದಾನಕ್ಕೆ ಇಳಿಯುತ್ತಿದ್ದಂತೆ ಎದ್ದು ಟಿವಿಯ ಹತ್ತಿರ ಹೋದರು. ಅಷ್ಟರಲ್ಲಿ ಜಾಹೀರಾತು ಬಂತು. ಎಂದೂ ದನಿ ಎತ್ತದ ಮನುಷ್ಯ ಅವತ್ತು ಟಿವಿಯ ಮೇಲೆ ಕೂಗಾಡಿದರು: "ಡ್ರಮ್ಮಿನವರನ್ನ ತೋರಿಸ್ರೋ!"