ಮೊದಲ ಕೊಯ್ಲಿನ ಹುರುಳಿಕಾಯಿ

ಓದುವಾಗ ಅರ್ಥವಾಗದ ಪದ ಎದುರಾದರೆ ಹೆಡತಲೆ ಊರಿನ ಮರಿತಾಯಮ್ಮ ಅಲ್ಲಿಯೇ ನಿಲ್ಲುತ್ತಿರಲಿಲ್ಲ. ಕೆಸರು ದಾಟುವಂತೆ ಅದನ್ನು ದಾಟಿ, ಮುಂದಿನ ಸಾಲು ಓದಿ, ತಿರುಗಿ ಬಂದು ಅದರ ಮೇಲೆ ಕಾಲಿಡುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದನ್ನು ಕಲಿಸಿದವಳು ಮಗಳು ಕವನ. "ಮೇಷ್ಟ್ರು ಏಳವ್ರೆ ಕಣವ್ವ. ಪದ ಗೊತ್ತಿಲ್ಲ ಅಂದ್ರೆ ಇಂದೆ ಮುಂದೆ ನೋಡು, ಅಕ್ಕಪಕ್ಕದ ಮಾತೇ ಏಳ್ಬುಡುತ್ತೆ" ಎಂದಿದ್ದಳು, ಹೈಸ್ಕೂಲಿನಲ್ಲಿದ್ದಾಗ. ಅಂದಿನಿಂದ ಕಡ್ಲೆಪುರಿ ಕಟ್ಟಿದ ಪೇಪರನ್ನೂ ಮರಿತಾಯಮ್ಮ ಓದದೆ ಎಸೆದವಳಲ್ಲ. ಗಂಡ ಮಾದು ಅವಳನ್ನು "ಲಾಯರಮ್ಮ" ಎಂದು ಛೇಡಿಸುತ್ತಿದ್ದ.

ಕವನ ಈಗ ತಿ. ನರಸೀಪುರದ ಸೊಸೆ, ಏಳು ತಿಂಗಳ ಬಸುರಿ. ಯಾವ ಬೆಳೆಯಾದರೂ ಮೊದಲ ಕೊಯ್ಲು ಹೆಣ್ಣುಮಗಳ ಮನೆಗೆ, ಆಮೇಲೆ ಮಾರ್ಕೆಟ್ಟಿಗೆ ಎನ್ನುವುದು ಮರಿತಾಯಮ್ಮನ ಮನೆಯ ಪದ್ಧತಿ. ಈ ಸಲ ಹುರುಳಿಕಾಯಿ. ಸಂಜೆ ಕೊಯ್ದದ್ದರಲ್ಲಿ ಎಳೆಯವನ್ನು ಆರಿಸಿ, ಚೆನ್ನಾಗಿ ತೊಳೆದು, ಚೀಲಕ್ಕೆ ತುಂಬಿ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸಿದ್ದಾಗಿತ್ತು. ಉಳಿದದ್ದು ಮೂಟೆಯಾಗಿ ಜಗಲಿಯ ಮೇಲಿತ್ತು. ನಂಜನಗೂಡಿಗೆ ಹೋಗುವ ಗೂಡ್ಸ್ ಆಟೊ ಬರಬೇಕಿತ್ತು.

ಮಾದು ಎಸೆದಿದ್ದ ಔಷಧಿ ಡಬ್ಬಿ ಹಿತ್ತಲಲ್ಲಿ ಅವಳ ಕಾಲಿಗೆ ಸಿಕ್ಕಿದ್ದು ಆಗಲೇ. ಅಂಗಡಿಯವನು ಕೊಟ್ಟ ಹೊಸ ಔಷಧಿ ಅದು, ಮೊನ್ನೆಯಷ್ಟೇ ಹುರುಳಿಕಾಯಿ ಗಿಡಕ್ಕೆ ಹೊಡೆದಿದ್ದ. ಅಂಟಿಸಿದ್ದ ಚೀಟಿಯನ್ನು ಎಂದಿನಂತೆ ಓದತೊಡಗಿದಳು. 'ಇದು ಅಂತರ್ವ್ಯಾಪಿ ಕೀಟನಾಶಕ.' ಅಂತರ್ವ್ಯಾಪಿ? ಕಂಡರಿಯದ ಪದ. ದಾಟಿ ಮುಂದೆ ಹೋದಳು. 'ಗಿಡದ ರಸದೊಡನೆ ಎಲೆ, ಹೂವು, ಕಾಯಿಗಳಿಗೆ ಹರಡುತ್ತದೆ. ರಸ ಹೀರುವ ಕೀಟಗಳು ಸಾಯುತ್ತವೆ.' ಕೆಳಗೆ, 'ಸಿಂಪಡಿಸಿದ ಮೇಲೆ ಏಳು ದಿನ ಕೊಯ್ಲು ಮಾಡಬಾರದು.'

ತಿರುಗಿ ಆ ಪದಕ್ಕೆ ಬಂದಾಗ ಅದರ ಅರ್ಥ ತಾನೇ ಬಿಚ್ಚಿಕೊಂಡಿತು. ಮದ್ದು ಕಾಯಿಯ ಒಳಗೇ ಇದೆ. ತೊಳೆದದ್ದೆಲ್ಲ ದಂಡ.

ಮಾದು ಮೂಟೆಯ ಪಕ್ಕ ಬೀಡಿ ಸೇದುತ್ತಿದ್ದ. "ತೊಳ್ದು ಬೇಯ್ಸುದ್ರೆ ಆಯ್ತು ಕಣಮ್ಮಿ. ಊರೋರೆಲ್ಲಾ ಅಂಗೇ ತಿಂತಾವ್ರೆ."

"ತೊಳುದ್ರೆ ಓಗೋದಲ್ಲ ಇದು. ರಸ್ದಲ್ಲೇ ಸೇರ್ಕಂಡೈತೆ."

"ಅಂಗಂತ ಬರ್ದವ್ನಾ, ಇಲ್ಲಾ ನೀನೇ ಅಂದ್ಕಂಡ್ಯಾ ಲಾಯರಮ್ಮ?"

ಆ ಪದದ ಅರ್ಥ ಯಾರೂ ಹೇಳಿದ್ದಲ್ಲ, ಅಕ್ಕಪಕ್ಕದ ಸಾಲು ಹಿಡಿದು ತಾನೇ ಕಟ್ಟಿಕೊಂಡದ್ದು. ತಪ್ಪಾಗಿದ್ದರೆ, ತವರಿನವರು ಬಸುರಿಗೆ ವಿಷ ಕಳಿಸಿದರು ಎನ್ನುವ ಮಾತನ್ನು ಸುಮ್ಮನೆ ಬೀಗರ ಬಾಯಿಗೆ ಕೊಟ್ಟಂತೆ. ಕವನ ಅದನ್ನು ಜನ್ಮವಿಡೀ ಕೇಳಿಸಿಕೊಳ್ಳಬೇಕು. ಸರಿಯಾಗಿದ್ದರೆ? ಕವನಳಿಗೆ ಫೋನು ಒತ್ತಿದಳು.

ಎತ್ತಿದವಳು ಕವನಳ ಅತ್ತೆ ಚಲುವಮ್ಮ. "ಚೀಲ ಬಂತು ಕಣಕ್ಕಾ. ಪಲ್ಯಕ್ಕೆ ಇಟ್ಟಿವ್ನಿ."

"ಚೆಲ್ಬುಡಿ ಅಕ್ಕಾ! ಮೊನ್ನೆ ಔಷ್ದಿ ಒಡ್ದಿದ್ದು. ಕಾಯೊಳ್ಗೇ ಐತೆ."

"ಕಳ್ಸೋವಾಗ ಕಣ್ಣು ಕಾಣಿಸ್ನಿಲ್ವಾ? ಚೆನ್ನಾಗೈತೆ ನಿಮ್ಮ ಉಡುಗೊರೆ! ಬಿಡಿಸ್ತಾ ಬಿಡಿಸ್ತಾ ಅಸೀದೇ ಒಂದಿಡಿ ತಿಂದವ್ಳೆ ನಿಮ್ ಮಗ್ಳು." ಆಮೇಲೆ ಒಳಕ್ಕೆ ತಿರುಗಿ ಮಗನನ್ನು ಕೂಗಿದ್ದು ಕೇಳಿಸಿತು: "ಲೋ ರಾಜೇಂದ್ರ, ಗಾಡಿ ತೆಗಿಯೋ, ಆಸ್ಪತ್ರೆಗೆ ಓಗ್ಬೇಕು!" ಫೋನು ಕಟ್ಟಾಯಿತು.

ಮರಿತಾಯಮ್ಮ ಡಬ್ಬಿಯನ್ನು ಕವರಿಗೆ ಹಾಕಿಕೊಂಡಳು. ಡಾಕ್ಟರು ಕೇಳಿದರೆ ತೋರಿಸಬೇಕಲ್ಲ. ಬಾಗಿಲಲ್ಲಿ ಆಟೊ ಹಾರನ್ ಹೊಡೆಯಿತು. ಮಾದು ಬೀಡಿ ಎಸೆದು ಮೂಟೆಗೆ ಕೈಹಾಕಿದ.

"ಅದ್ನ ಯಾರ್ಗೆ ಉಣ್ಣಿಸ್ತೀಯಾ?" ಎಂದಳು. "ಅವ್ಳೊಬ್ಳೇನಾ ಬಸುರಿ?"

ಮೂಟೆಯ ಬಾಯಿ ಹಿಡಿದಿದ್ದ ಕೈ ಹಾಗೇ ಉಳಿಯಿತು. ಏಳು ದಿನ ತುಂಬಲು ಇನ್ನೂ ಐದು ದಿನ ಬೇಕು, ಅಷ್ಟರಲ್ಲಿ ಹೊಲದಲ್ಲಿರುವುದೂ ನಾರಾಗುತ್ತದೆ, ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅವನು ಆಟೊದವನಿಗೆ ಹೋಗೆಂದು ಕೈಬೀಸಿದ. ಹೆಂಡತಿಯ ಮುಖ ನೋಡಲಿಲ್ಲ, ಜೊತೆಗೆ ಬರುತ್ತೇನೆಂದೂ ಹೇಳಲಿಲ್ಲ.

ನರಸೀಪುರದ ಬಸ್ಸಿನಲ್ಲಿ ಕಿಟಕಿಯ ಬಳಿ ಕೂತು ಡಬ್ಬಿ ಹೊರತೆಗೆದಳು. ಇಷ್ಟು ವರ್ಷದಲ್ಲಿ ಮೊದಲ ಸಲ ತನ್ನ ಊಹೆ ಸುಳ್ಳಾಗಲಿ ಎಂದು ಬೇಡುತ್ತ, ಆ ಪದದ ಹಿಂದಿನ ಸಾಲು, ಮುಂದಿನ ಸಾಲು ಮತ್ತೆ ಓದಿದಳು. ಅವು ಮೊದಲು ಹೇಳಿದ್ದನ್ನೇ ಹೇಳುತ್ತಿದ್ದವು.