ಕರೆಂಟ್ ಕೊಟ್ಟ ಮೇಲೆ

ಪಂಪ್‌ಸೆಟ್ ಶುರುವಾಗಿ ಗೊಂಯ್ ಎನ್ನುವ ಸದ್ದು ಎಲ್ಲೇ ಕಿವಿಗೆ ಬೀಳಲಿ, ನನಗೆ ದೋರನಹಳ್ಳಿಯ ನಮ್ಮ ಮನೆ ನೆನಪಾಗುತ್ತದೆ. ಆ ಮನೆ ಈಗಿಲ್ಲ. ನಿಮಗೂ ಅಂಥದೊಂದು ಮನೆ ಇದ್ದೀತು, ಬಿಡಿ. ಕಾಲುವೆ ನೀರು ಬಂದು, ಜೋಳದ ಹೊಲಗಳೆಲ್ಲ ಹಸಿ ಕೆಸರಿನ ವಾಸನೆಯ ಭತ್ತದ ಗದ್ದೆಗಳಾಗುತ್ತಿದ್ದ ಕಾಲ. ಅವ್ವನ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತ್ತು. ಹೈದರಾಬಾದಿನಲ್ಲಿ ಅದನ್ನು ತೆಗೆದು, ಒಂದೂವರೆ ತಿಂಗಳು ಕರೆಂಟ್ ಕೊಟ್ಟು ಕಳಿಸಿದ್ದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಇದ್ದ ಹೆಸರೇ ಅದು.

ಆ ಹೆಸರೇ ಅವಳಿಗೆ ಮುಳುವಾಯಿತು. ಅಪ್ಪನ ತಾಯಿ, ನಮ್ಮ ಆಯಿ, ಕರೆಂಟ್ ಬಂದೊಡನೆ ಸತ್ತ ಪಂಪ್‌ಸೆಟ್ ಜೀವ ತಳೆಯುವುದನ್ನು ದಿನಾ ಕಂಡವಳು. "ಅಷ್ಟು ಕರೆಂಟ್ ಮೈಯಾಗ ಹೊಕ್ಕದ, ಎದ್ದು ಕುಣೀಬೇಕು. ಇಕಿ ನೋಡಿದ್ರ ಹಾಸಿಗಿ ಬಿಡವಲ್ಲಳು!" ಎನ್ನುತ್ತಿದ್ದಳು. ಗಡ್ಡೆ ಹೋಗಿದೆ, ಜ್ವರವಿಲ್ಲ, ಕೆಮ್ಮಿಲ್ಲ, ಮತ್ತೇಕೆ ಮಲಗುತ್ತಾಳೆ? ಆಯಿಗೆ ಗುಮಾನಿ. "ಬ್ಯಾಸರ ಆಗ್ಯದ್ರಿ ಅತ್ತಿ," ಎಂದು ಅವ್ವ ಅಂದರೆ, "ಯಾರ ಮ್ಯಾಲ ಬ್ಯಾಸರ? ನಮ್ಮ ಮ್ಯಾಲೇನು?" ಎಂದು ಮೇಲೆ ಬೀಳುತ್ತಿದ್ದಳು. ನಮ್ಮ ಮಾತಿನಲ್ಲಿ ಮನಸ್ಸು ಕುಗ್ಗಿದರೂ ಬ್ಯಾಸರ, ಮುನಿಸಾದರೂ ಬ್ಯಾಸರ. ಅವ್ವನಿಗೆ ಬೇರೆ ಮಾತು ಗೊತ್ತಿರಲಿಲ್ಲ. ಇದೆಲ್ಲ ಗದ್ದೆಯ ನಾಟಿ ಕೆಲಸ ತಪ್ಪಿಸುವ ಆಟ ಎಂದೇ ಆಯಿ ನಂಬಿದ್ದಳು.

ಗುಮಾನಿ ಕಜ್ಜಿಯ ಹಾಗೆ, ನನಗೂ ಹತ್ತಿತು. ಎಂಟು ವರ್ಷದವಳು ನಾನು. "ನಿಮ್ಮವ್ವ ಖರೇನ ನಿದ್ದಿ ಮಾಡ್ತಾಳೋ, ನಾಟಕ ಮಾಡ್ತಾಳೋ, ನೋಡಿ ಬಂದು ಹೇಳು," ಎಂದಳು ಆಯಿ. ಬಾಗಿಲ ಸಂದಿಯಿಂದ ಇಣುಕಿದೆ. ಅವ್ವ ಗೋಡೆಗೆ ಮುಖ ಮಾಡಿ, ಕಣ್ಣು ತೆರೆದೇ ಮಲಗಿದ್ದಳು. ಥೂ ನನ್ನ ಬುದ್ಧಿಯೇ! ಓಡಿಹೋಗಿ ಹೇಳಿದೆ: "ನಿದ್ದಿನೂ ಇಲ್ಲ, ಗಿದ್ದಿನೂ ಇಲ್ಲ ಆಯಿ, ಎಚ್ಚರ ಅದಾಳ!" ಆಯಿ ಒಳನುಗ್ಗಿ ಕೂಗಾಡಿದಳು. ಅವ್ವ ಗೋಡೆ ಹಿಡಿದು ಎದ್ದು, ಸೆರಗು ಸಿಕ್ಕಿಸಿ, ರೊಟ್ಟಿಗೆ ಹಿಟ್ಟು ಕಲಸಲು ಕೂತಳು. ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಕೈ ನಿಂತುಹೋಯಿತು. ನನ್ನತ್ತ ತಿರುಗಿ, "ನಿನಗೂ ಸುಳ್ಳು ಅನಸ್ತದೇನವ್ವಿ?" ಎಂದಳು. ನಾನು ಆಡಲು ಹೋದೆ.

ಆಮೇಲೆ ಎರಡು ವರ್ಷ ಬದುಕಿದ್ದಳು ಅವ್ವ. ನಾನು ಮನೆಯಲ್ಲಿದ್ದಾಗ ಒಂದು ದಿನವೂ ಹಗಲು ಮಲಗಲಿಲ್ಲ. ನನ್ನ ಹೆಜ್ಜೆ ಸದ್ದು ಕೇಳಿದರೆ ಸಾಕು, ಲಗುಬಗೆಯಿಂದ ಮೊರ ಎಳೆದುಕೊಂಡು ಅಕ್ಕಿ ಆರಿಸತೊಡಗುತ್ತಿದ್ದಳು, ಆಗಲೇ ಹಸನು ಮಾಡಿಟ್ಟ ಅಕ್ಕಿಯನ್ನೇ.